ಹಸಿರು ಬಳಿದ ಓಣಿ

ಶ್ಯಾಮಲಮ್ಮ ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. ಒಂದು ಕದ ಮಾತ್ರ ಸರಿಸಿ, ಆ ಸಂದಿನಲ್ಲಿ ಮುಖವಿಟ್ಟು, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ನಿಂತಿದ್ದ ಹುಡುಗಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

ಮುನಿಲಕ್ಷ್ಮಿ ಕಲಿತ ಪಾಠ ಒಪ್ಪಿಸಿದಳು. ಒಳಚರಂಡಿ ಸರ್ವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕಿಗೆ ಸೇರಿಸಿ ಒಂದೇ ಯೋಜನೆ ಮಾಡುತ್ತಿದ್ದಾರೆ. ಯಾವ ಬೀದಿಗೆ ಒಳಚರಂಡಿ ಇದೆ, ಯಾವುದಕ್ಕೆ ಇಲ್ಲ ಎಂದು ನಕ್ಷೆಯಾಗಬೇಕು. ನಿಮ್ಮ ಮನೆಯ ಕಕ್ಕಸಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕಿತ್ತು.

ಶ್ಯಾಮಲಮ್ಮನಿಗೆ ಬೇಕಾಗಿದ್ದದ್ದು ಅದಲ್ಲ.

"ಯಾರ ಪೈಕಿನಮ್ಮ ನೀನು?"

ಈ ಪ್ರಶ್ನೆಗೆ ಸುಳ್ಳು ಹೇಳಬಹುದು. ಮುನಿಲಕ್ಷ್ಮಿ ಹಾಸ್ಟೆಲಿನಲ್ಲಿದ್ದಾಗ ಹೇಳಿದ್ದೂ ಉಂಟು. ಆದರೆ ಚಿಂತಮಾನುಪೇಟೆ ಮುಳಬಾಗಿಲಿನಷ್ಟೂ ದೊಡ್ಡ ಊರಲ್ಲ. ಇಲ್ಲಿ ಸುಳ್ಳು ಮುಂದಿನ ಮನೆಯವರೆಗೂ ಬದುಕುವುದಿಲ್ಲ.

"ಕೆಳಗಿನ ಕಾಲೋನಿ. ಕೊಂಡಮ್ಮನ ಮಗಳು."

ಶ್ಯಾಮಲಮ್ಮನ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದದ್ದು ನೆಮ್ಮದಿ. ಯಾವ ಪಾತ್ರೆ ಯಾವ ಗೂಡಿನದು ಎಂದು ಗೊತ್ತಾದಾಗ ಬರುವಂಥ ನೆಮ್ಮದಿ.

"ಕೊಂಡಮ್ಮನ ಮಗಳಾ? ಮೊದ್ಲೇ ಹೇಳಬಾರ್ದಾ ತಾಯಿ. ಹಿಂದ್ಗಡೆಯಿಂದ ಬಾ. ಕಕ್ಕಸು ಹಿಂದೆ ತಾನೆ ಇರೋದು."

ಕದ ಮುಚ್ಚಿತು. ಚಿಲಕ ಬಿದ್ದ ಸದ್ದೂ ಕೇಳಿಸಿತು.

ಮೇಲಿನ ಬೀದಿಯ ಮನೆಗಳ ಹಿಂದೆ ಒಂದು ಸಂದಿ ಇದೆ. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಒಬ್ಬರೇ ನಡೆಯುವಷ್ಟು ಜಾಗ. ಊರಿಗೆ ಪೈಪು ಬರುವ ಮುಂಚೆ ಪ್ರತಿ ಮನೆಯ ಹಿಂಗೋಡೆಯಲ್ಲಿ ಒಂದು ತಗಡಿನ ಮುಚ್ಚಳ ಇರುತ್ತಿತ್ತು. ಮುನಿಲಕ್ಷ್ಮಿಯ ಅಜ್ಜಿ ದೊಡ್ಡಗಂಗಮ್ಮ ಬೆಳಗ್ಗೆ ಬೂದಿ ಮತ್ತು ಬುಟ್ಟಿ ಹೊತ್ತು ಬಂದು, ಆ ಮುಚ್ಚಳ ಎತ್ತಿ, ಒಳಗಿದ್ದದ್ದನ್ನು ತಗಡಿನಿಂದ ಗೋರಿ, ತಲೆಯ ಮೇಲೆ ಹೊತ್ತು ಕೆರೆಯ ಕಡೆ ನಡೆಯುತ್ತಿದ್ದಳು. ಸಾಯುವವರೆಗೂ ಅವಳ ನೆತ್ತಿಯ ಮೇಲೆ ಕೂದಲು ಬೆಳೆಯಲಿಲ್ಲ. ಮುಂದಿನ ಬೀದಿಯಲ್ಲಿ ಹಾಯಬೇಕಾದರೆ ಅವಳು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯಬೇಕಿತ್ತು. ಈಗ ಮುಚ್ಚಳಗಳಿಗೆ ಇಟ್ಟಿಗೆ ಕಟ್ಟಿದ್ದಾರೆ. ಸಂದಿ ಹಾಗೇ ಇದೆ.

ಮೊಮ್ಮಗಳು ಬಿ.ಎ. ಭೂಗೋಳ ಓದಿ, ಕೈಯಲ್ಲಿ ಕಂಪನಿಯ ಫೋನು ಹಿಡಿದು ಅದೇ ಸಂದಿಯಲ್ಲಿ ನಿಂತು ಪೈಪು ನೋಡಿದಳು. ಗುಂಡಿ ಒತ್ತಿದಳು. ನಕ್ಷೆಯಲ್ಲಿ ಒಂದು ಚುಕ್ಕೆ ಬಿತ್ತು.

ಬೀದಿಯುದ್ದಕ್ಕೂ ಅದೇ ಆಯಿತು. ಕೆಲವರು ಮರ್ಯಾದೆಯಿಂದ ಹೇಳಿದರು, ಕೆಲವರು ಕಿಟಕಿಯಿಂದ ಕೈ ಬೀಸಿದರು. ಒಬ್ಬರು, ಹೇಗೂ ಬಂದಿದ್ದೀಯ, ಮೋರಿ ಕಟ್ಟಿಕೊಂಡಿದೆ, ಒಂದು ಕೋಲು ಹಾಕಿ ಹೋಗು ಎಂದರು. ಮುನಿಲಕ್ಷ್ಮಿ ಕೇಳಿಸದವಳಂತೆ ಮುಂದಕ್ಕೆ ಹೋದಳು. ಅವಳಿಗೆ ಬೆಳಗಿನಿಂದ ಮೂತ್ರಕ್ಕೆ ಹೋಗಬೇಕಿತ್ತು. ನೀರು ಕುಡಿದರೆ ಕಷ್ಟ ಎಂದು ಕುಡಿದಿರಲೂ ಇಲ್ಲ. ಊರಿನ ಕಕ್ಕಸುಗಳನ್ನೆಲ್ಲ ನಕ್ಷೆಗೆ ಏರಿಸುತ್ತಿದ್ದವಳಿಗೆ ಕೂರಲು ಒಂದು ಕಕ್ಕಸು ಇರಲಿಲ್ಲ. ಪಟ್ಟಣ ಪಂಚಾಯಿತಿಯಲ್ಲಿ ಹೆಂಗಸರದು ಎಂದು ಬರೆದ ಬಾಗಿಲೊಂದಿತ್ತು. ಒಳಗೆ ಬ್ಲೀಚಿಂಗ್ ಪೌಡರಿನ ಮೂಟೆ ತುಂಬಿದ್ದರು.

ಆ ಪಂಚಾಯಿತಿಯ ಮಹಡಿಯ ಮೇಲೆ ಅಮರನಾಥ್ ಕುಳಿತಿದ್ದ. ಸರ್ವೆ ಗುತ್ತಿಗೆ ಹಿಡಿದಿದ್ದ ಬೆಂಗಳೂರಿನ ಕಂಪನಿಯವನು. ಕೆಟ್ಟ ಮನುಷ್ಯ ಅನ್ನಲಾಗದು, ಊಟ ಆಯ್ತಾ ಎಂದು ಕೇಳುತ್ತಿದ್ದ. ಮುನಿಲಕ್ಷ್ಮಿ ಮೆಟ್ಟಿಲು ಹತ್ತಿ ಬಂದಾಗ ಅವನು ಪರದೆಯ ಮೇಲೆ ಅವಳ ಚುಕ್ಕೆಗಳನ್ನೇ ನೋಡುತ್ತಿದ್ದ.

"ಏನಮ್ಮಾ ಇದು? ಮುಂಬಾಗಿಲ ಹತ್ರ ನಿಂತು ಒತ್ತಬೇಕು ಅಂತ ಟ್ರೇನಿಂಗಲ್ಲಿ ಹೇಳಿಲ್ವಾ? ಇಡೀ ಬೀದಿ ಹಿತ್ತಲ ಸಂದಿಯಲ್ಲಿ ಬಿದ್ದಿದೆ."

ಮುನಿಲಕ್ಷ್ಮಿ ನಿಜ ಹೇಳಲು ಬಾಯಿ ತೆರೆದಳು. ನಿಜ ಹೇಳಿದರೆ ಅವನು ಅಯ್ಯೋ ಅನ್ನುತ್ತಾನೆ. ಆ ಅಯ್ಯೋ ಅವಳಿಗೆ ಬೇಡವಾಗಿತ್ತು.

"ಸಿಗ್ನಲ್ ಪ್ರಾಬ್ಲಂ ಸಾರ್," ಎಂದಳು.

ಅವನು ನಕ್ಕು, ಮೌಸು ಹಿಡಿದು, ಚುಕ್ಕೆಗಳನ್ನು ಒಂದೊಂದಾಗಿ ಎಳೆದು ಮುಂಬಾಗಿಲುಗಳಲ್ಲಿ ಕೂರಿಸಿದ. ಎಷ್ಟು ಸಲೀಸಾಗಿ ಹೋಗಿ ಕುಳಿತವು. ಯಾರೂ ಕದ ಮುಚ್ಚಲಿಲ್ಲ.

ಆಗ ಅವಳ ಕಣ್ಣು ಪರದೆಯ ಕೆಳಮೂಲೆಗೆ ಹೋಯಿತು. ಒಳಚರಂಡಿ ಇರುವ ಜಾಗಕ್ಕೆ ಹಸಿರು, ಇಲ್ಲದ ಜಾಗಕ್ಕೆ ಕೆಂಪು. ಕೆಳಗಿನ ಕಾಲೋನಿ ಅಚ್ಚ ಹಸಿರಾಗಿತ್ತು.

ಅವಳು ಬಲು ಮೆಲ್ಲಗೆ ಕೇಳಿದಳು. ಅಮರನಾಥ್ ಅಷ್ಟೇ ಮೆಲ್ಲಗೆ ವಿವರಿಸಿದ. ಓಣಿಯ ನಡುವೆ ಚೇಂಬರ್ ಇದೆ, ಒಳಚರಂಡಿ ಪೈಪಿಗೆ ಇಳಿಯುವ ಗುಂಡಿ. ಚೇಂಬರ್ ಇದ್ದರೆ ಅದರ ಅಕ್ಕಪಕ್ಕದ ಮನೆಗಳೆಲ್ಲ ಸೇವೆ ಸಿಕ್ಕ ಪ್ರದೇಶ. ಅದು ರೂಲು. ಕನೆಕ್ಷನ್ ತೆಗೆದುಕೊಳ್ಳುವುದು ಬಿಡುವುದು ಮನೆಯವರ ಇಷ್ಟ.

"ತಗೊಳ್ಳೋಕೆ ಆಗಲ್ಲ ಸಾರ್. ನಮ್ಮ ಮನೆಗಳು ಪೈಪಿಗಿಂತ ಕೆಳಗಿವೆ."

ಅದು ನಿಜ. ಊರಿನ ಕೊಳಚೆಯೆಲ್ಲ ಕೆರೆಯ ಬದಿಯ ಶುದ್ಧೀಕರಣ ಘಟಕಕ್ಕೆ ಹೋಗಬೇಕಿತ್ತು. ನಡುವೆ ಕಾಲೋನಿ ಇತ್ತು. ಓಣಿಯ ನಡುವೆಯೇ ದೊಡ್ಡ ಪೈಪು ಎಳೆದು, ಅದರ ಮೇಲೆ ಮಣ್ಣು ಸುರಿದು, ಕಾಂಕ್ರೀಟು ಹಾಕಿ ಓಣಿಯನ್ನು ಎತ್ತರಿಸಿದರು. ಮನೆಗಳು ಗುಂಡಿಗೆ ಬಿದ್ದವು. ಈಗ ಮನೆಯಿಂದ ಓಣಿಗೆ ಮೆಟ್ಟಿಲು ಹತ್ತಬೇಕು. ಮನುಷ್ಯರು ಹತ್ತುತ್ತಾರೆ. ಹೇಲು ಹತ್ತುವುದಿಲ್ಲ.

ಪಟ್ಟಣ ಪಂಚಾಯಿತಿ ಅಧ್ಯಕ್ಷ ವೇಣುಗೋಪಾಲ್ ಅಷ್ಟರಲ್ಲಿ ಒಳಗೆ ಬಂದಿದ್ದ. ಬಿಳಿ ಪಂಚೆ, ಬಿಳಿ ಶರ್ಟು. ಅಮರನಾಥನ ಹೆಗಲ ಮೇಲೆ ಕೈಯಿಟ್ಟು ಪರದೆ ನೋಡಿದ. ಊರಿನ ಪೂರ್ವಕ್ಕೆ ನೀಲಗಿರಿ ತೋಪಿತ್ತು. ಕಾಲೋನಿಯ ಹೆಂಗಸರು ಬೆಳಗ್ಗೆ ಚೊಂಬು ಹಿಡಿದು ಹೋಗುತ್ತಿದ್ದದ್ದು ಅಲ್ಲಿಗೆ. ವೇಣುಗೋಪಾಲ್ ಅದನ್ನು ಕಡಿಸಿ, ಬೇಲಿ ಹಾಕಿಸಿ, ಲೇಔಟ್ ಮಾಡಿದ್ದ. ಒಂದು ಮನೆಯೂ ಏಳದ ಆ ಲೇಔಟು ನಕ್ಷೆಯಲ್ಲಿ ಕೆಂಪಾಗಿತ್ತು. ಕೆಂಪಿಗೆ ಹೊಸ ಪೈಪು ಬರುತ್ತದೆ. ಹಸಿರಿಗೆ ಇನ್ನೇನೂ ಬರುವುದಿಲ್ಲ. ಸೇವೆ ಸಿಕ್ಕಾಗಿದೆ.

"ಏನ್ ಮುನಿಲಕ್ಷ್ಮಿ, ಊರಿಗೆಲ್ಲಾ ಮುಂಚೆ ನಿಮ್ಮ ಓಣೀಗೇ ಪೈಪು ಬಂದಿದ್ದು ಕಣಮ್ಮ. ಅದೃಷ್ಟ ಮಾಡಿದೀರ," ಎಂದ ವೇಣುಗೋಪಾಲ್. "ಓದಿರೋ ಹುಡುಗಿ. ನಿಮ್ಮೋರಿಗೆ ನೀನೇ ತಿಳಿಸಿ ಹೇಳ್ಬೇಕು."

ಉಳಿದದ್ದನ್ನು ಅಮರನಾಥ್ ಹೇಳಿದ. ನಾಡಿದ್ದು ಕೋಲಾರದಿಂದ ಸಾಹೇಬರು ಬರುತ್ತಾರೆ. ನಕ್ಷೆ ಅಂತಿಮವಾಗುತ್ತದೆ. ಅಷ್ಟರೊಳಗೆ ಅವಳು ಕಾಲೋನಿಯ ಓಣಿಯಲ್ಲಿ ನಿಂತು, ಚೇಂಬರ್ ಇದೆ, ಸ್ಥಳ ಪರಿಶೀಲಿಸಿದ್ದೇನೆ ಎಂದು ಒತ್ತಬೇಕು. ಬೇರೆಯವರು ಒತ್ತಿದರೆ ಫೋನು ತೆಗೆದುಕೊಳ್ಳುವುದಿಲ್ಲ. ಇದು ಮುಗಿದ ಮೇಲೆ ನರಸಾಪುರದ ಕಡೆ ದೊಡ್ಡ ಸರ್ವೆ ಇದೆ, ಅಲ್ಲಿಗೂ ನಿನ್ನನ್ನೇ ಹಾಕಿಸುತ್ತೇನೆ ಎಂದ.

ಆಯ್ತು ಸಾರ್ ಎಂದು ಹೇಳಿ ಮುನಿಲಕ್ಷ್ಮಿ ಮೆಟ್ಟಿಲಿಳಿದಳು. ಬ್ಲೀಚಿಂಗ್ ಪೌಡರಿನ ಬಾಗಿಲ ಮುಂದೆ ಹಾದಾಗ ಹೊಟ್ಟೆಯ ಕೆಳಗೆ ಚೂರಿ ಆಡಿಸಿದ ಹಾಗೆ ನೋವು ಬಂತು.

ಮರುದಿನ ಬೆಳಗ್ಗೆ ಚೇಂಬರ್ ಉಕ್ಕಿತು.

ಉಕ್ಕುವುದು ಹೊಸದಲ್ಲ. ಪೈಪು ಕೆರೆಯ ಕಡೆಗೆ ತಿರುಗುವ ಮೂಲೆ ಕಾಲೋನಿಯಲ್ಲಿದೆ. ಮೇಲಿನ ಬೀದಿಯ ಬಟ್ಟೆ, ಬಾಟಲಿ, ಪ್ಯಾಡು, ಕೋಳಿಪುಕ್ಕ ಎಲ್ಲ ಬಂದು ಕಟ್ಟಿಕೊಳ್ಳುವುದು ಅಲ್ಲೇ. ಮೇಲಿನವರಿಗೆ ಅದು ಗೊತ್ತೂ ಆಗುವುದಿಲ್ಲ. ಅವರ ನೀರು ಇಳಿಯುತ್ತಲೇ ಇರುತ್ತದೆ.

ಇಲ್ಲಿ ಒಂದು ಪದ್ಧತಿ ಇದೆ. ಮನುಷ್ಯರನ್ನು ಗುಂಡಿಗೆ ಇಳಿಸಿದರೆ ಜೈಲು ಎಂದು ಕಾನೂನು ಬಂದ ಮೇಲೆ ಯಾರೂ ಯಾರಿಗೂ ಇಳಿ ಎಂದು ಹೇಳುವುದಿಲ್ಲ. ಕಾಯುತ್ತಾರೆ. ಫೋನು ಮಾಡಿದರೆ ಓಣಿ ಕಿರಿದು, ಹೊಲಸು ಹೀರುವ ಸಕ್ಕಿಂಗ್ ಗಾಡಿ ಒಳಗೆ ಬರುವುದಿಲ್ಲ ಅನ್ನುತ್ತಾರೆ. ಮತ್ತೆ ಮಾಡಿದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಅಷ್ಟರಲ್ಲಿ ಹೊಲಸು ಓಣಿ ತುಂಬಿ, ಮೆಟ್ಟಿಲಿಳಿದು, ಹೊಸಿಲು ದಾಟಿ, ರಾಗಿ ಮೂಟೆಯ ಬುಡ ಮುಟ್ಟುತ್ತದೆ. ಹಾಸಿಗೆ ಮುಟ್ಟುತ್ತದೆ. ಆಗ ಕಾಲೋನಿಯವರೇ ಯಾರೋ ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಾರೆ. ಯಾರೂ ಇಳಿಸಲಿಲ್ಲ, ಅವರ ಓಣಿ, ಅವರೇ ಇಳಿದರು. ಕಾನೂನಿಗೆ ಏನೂ ಆಗುವುದಿಲ್ಲ.

ಆ ಬೆಳಗ್ಗೆ ಹಗ್ಗ ಕಟ್ಟಿಕೊಂಡವನು ಆವಲಪ್ಪ, ಕೊಂಡಮ್ಮನ ತಮ್ಮ. ಮುನಿಲಕ್ಷ್ಮಿಗೆ ಸೋದರಮಾವ. ಅವನು ಗಾರೆ ಕೆಲಸಕ್ಕೆ ಹೋಗುವವನು. ವಿಸ್ಕಿ ಪ್ಯಾಕೆಟ್ಟು ಹಲ್ಲಿನಲ್ಲಿ ಕಚ್ಚಿ ಒಂದೇ ಗುಟುಕಿಗೆ ಕುಡಿದ. ಕುಡಿಯದೆ ಆ ವಾಸನೆಗೆ ಇಳಿಯಲಾಗುವುದಿಲ್ಲ. ಮೈಗೆ ಎಣ್ಣೆ ಸವರಿಕೊಂಡ. ಕಿವಿಗೆ ಹತ್ತಿ. ಚಡ್ಡಿಯೊಂದು ಬಿಟ್ಟು ಎಲ್ಲ ಬಿಚ್ಚಿಟ್ಟ. ಓಣಿಯ ಗಂಡಸರು ಹಗ್ಗ ಹಿಡಿದರು.

ಅವನು ಎದೆಯವರೆಗೆ ಇಳಿದ. ಉಸಿರು ಕಟ್ಟಿ ಮುಳುಗಿದ. ಮೇಲೆ ಬಂದಾಗ ಕೈತುಂಬ ಕಪ್ಪು ಗಂಟು. ಅದನ್ನು ಅಂಚಿಗೆ ಎಸೆದು ಮತ್ತೆ ಮುಳುಗಿದ. ಈ ಸಲ ಅಂಗೈ ಸೀಳಿತ್ತು, ಒಡೆದ ಬಾಟಲಿಯ ಚೂರು. ಅಂಚು ಹಿಡಿದು ವಾಂತಿ ಮಾಡಿದ. ಕೈ ಮೇಲಕ್ಕೆತ್ತಿದರೂ ರಕ್ತ ಕೆಂಪಾಗಿ ಕಾಣಲಿಲ್ಲ.

ಕೊಂಡಮ್ಮ ಸೀರೆ ಎತ್ತಿ ಕಟ್ಟಿ, ಮನೆಯೊಳಗಿಂದ ಬಾಂಡ್ಲಿಯಲ್ಲಿ ಗೋರಿ ಗೋರಿ ಹೊರಗೆ ಚೆಲ್ಲುತ್ತಿದ್ದಳು. ಚೆಲ್ಲಿದ್ದರಲ್ಲಿ ಅರ್ಧ ತಿರುಗಿ ಒಳಗೇ ಇಳಿಯುತ್ತಿತ್ತು. ಮಗಳು ಫೋನು ಹಿಡಿದು ನಿಂತದ್ದನ್ನು ಅವಳು ಆಗ ನೋಡಿದಳು. ಪರದೆಯ ಮೇಲೆ ಪ್ರಶ್ನೆ ಇತ್ತು. ಈ ಸ್ಥಳದಲ್ಲಿ ಚೇಂಬರ್ ಇದೆಯೇ? ಹೌದು. ಇಲ್ಲ.

"ಏನೇ ಅದು, ಫೋಟೋ ತೆಗೀತಿದೀಯಾ ನಮ್ಮನ್ನ?"

"ಅಲ್ಲಮ್ಮ. ನಕ್ಷೆ."

ಮುನಿಲಕ್ಷ್ಮಿ ಹೇಳಿದಳು. ಮಾತು ಅಳೆದು ಅಳೆದು ಹೇಳಿದಳು. ಹಸಿರು ಅಂದರೆ ಏನು, ಕೆಂಪು ಅಂದರೆ ಏನು, ನಾಳೆ ಯಾರು ಬರುತ್ತಾರೆ, ಹೊಸ ಪೈಪು ಯಾವ ಕಡೆ ಹೋಗುತ್ತದೆ. ಹಗ್ಗ ಹಿಡಿದವರೂ ಕೇಳಿಸಿಕೊಂಡರು. ಕೊಂಡಮ್ಮ ಬಾಂಡ್ಲಿ ಸೊಂಟಕ್ಕಿಟ್ಟುಕೊಂಡು ಕೇಳಿದಳು.

"ಅಂದ್ರೆ ಈ ತೂತು ಐತೆ ಅಂತ, ನಮ್ಗೆ ಎಲ್ಲಾ ಐತೆ ಅಂತ ಬರ್ಕೊಂಡವ್ರೆ."

"ಹೂಂ."

"ತೂತು ಇಲ್ದಿದ್ರೆ?"

ಮುನಿಲಕ್ಷ್ಮಿ ಫೋನಿನ ಪರದೆ ನೋಡಿದಳು. ಉತ್ತರ ಗೊತ್ತಿತ್ತು. ಬಾಯಿಂದ ಹೊರಗೆ ಬಂದರೆ ಅದು ಮತ್ತೆ ಒಳಗೆ ಹೋಗುವುದಿಲ್ಲ ಎಂಬುದೂ ಗೊತ್ತಿತ್ತು.

"ಇಲ್ದಿದ್ರೆ ಇಲ್ಲ ಅಂತ ಆಗ್ತದೆ. ಕೆಂಪಾಗ್ತದೆ."

ಕೊಂಡಮ್ಮ ಬಗ್ಗಿ ಚೇಂಬರಿನೊಳಗೆ ನೋಡಿದಳು.

"ಲೇ ಆವಲಾ. ಮುಚ್ಬಿಡಾನ ಇದನ್ನ?"

"ನಾನು ಒಳಗಿದೀನಿ ಕಣಕ್ಕಾ," ಎಂದ ಆವಲಪ್ಪ. "ಎದ್ದು ಬಂದ್ಮೇಲೆ ಮುಚ್ಚು."

ಯಾರೋ ನಕ್ಕರು. ಆವಲಪ್ಪ ನಗಲಿಲ್ಲ. ಅಂಚು ಹಿಡಿದು ಮೇಲಕ್ಕೆ ಬಂದು ಕುಳಿತ. ಮೈಯಿಂದ ಊರಿನ ಹೊಲಸು ಇಳಿಯುತ್ತಿತ್ತು. ಸೀಳಿದ ಅಂಗೈ ನೋಡಿಕೊಂಡ. ಮತ್ತೆ ಗುಂಡಿ ನೋಡಿದ. ಹಗ್ಗದ ಗಂಟು ಬಿಚ್ಚತೊಡಗಿದ. ಪೈಪು ಕಟ್ಟಿಕೊಂಡದ್ದು ಇನ್ನೂ ಪೂರ್ತಿ ಬಿಟ್ಟಿಲ್ಲ, ಇನ್ನೊಂದು ಸಲ ಇಳಿ ಎಂದ ಹಗ್ಗ ಹಿಡಿದವನೊಬ್ಬ.

"ಇಳಿಯಲ್ಲ," ಎಂದ ಆವಲಪ್ಪ. "ಇನ್ಮೇಲೆ ಇಳಿಯಲ್ಲ."

ಮುನಿಲಕ್ಷ್ಮಿ ಮುಂದೆ ಬಂದಳು. ಇದು ಸರ್ಕಾರದ ಆಸ್ತಿ, ಕೇಸಾಗುತ್ತದೆ ಎಂದಳು. ಮಾವನನ್ನು ಒಯ್ಯುತ್ತಾರೆ ಎಂದಳು. ತನ್ನ ಕೆಲಸ ಹೋಗುತ್ತದೆ ಎಂದೂ ಹೇಳಿದಳು, ಅದನ್ನು ಕೊನೆಗೆ, ಸಣ್ಣ ದನಿಯಲ್ಲಿ. ಕಾಲೋನಿಯಲ್ಲಿ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಹೋಗುವವಳು ಅವಳೊಬ್ಬಳೇ.

"ನಿನ್ ಕೆಲಸ ಹೋದ್ರೆ ಹೋಗ್ಲಿ ಅಂತ ನಾನ್ ಹೇಳಲ್ಲ ಕಣೇ," ಎಂದಳು ಕೊಂಡಮ್ಮ. "ಕೂಲಿಗೆ ಹೋಗಿ ಓದ್ಸಿದೀನಿ. ನೀನೇ ಹೇಳು. ಬ್ಯಾಡ ಅಂದ್ರೆ ಇವ್ನು ಇಳೀತಾನೆ."

ಆವಲಪ್ಪ ಇಳಿಯುತ್ತಾನೆ. ನಾಳೆಯೂ ಇಳಿಯುತ್ತಾನೆ. ಒಂದು ದಿನ ಹಗ್ಗ ಎಳೆದರೆ ಭಾರವಾಗಿ ಬರುತ್ತಾನೆ. ಆ ದಿನವೂ ಓಣಿ ಹಸಿರಾಗಿಯೇ ಇರುತ್ತದೆ.

ಮುನಿಲಕ್ಷ್ಮಿ ಫೋನನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಹೊಲಸಿನಲ್ಲಿ ಕಾಲಿಟ್ಟು ಎದುರು ಮನೆಯ ಕುಸಿದ ಗೋಡೆಯ ಹತ್ತಿರ ಹೋದಳು. ಅದೂ ಈ ನೀರಿಗೇ ಕುಸಿದ ಗೋಡೆ. ಒಂದು ಕಲ್ಲು ಎತ್ತಿದಳು. ಓದಿದ ಕೈಗೆ ಭಾರವಾಯಿತು. ಹೊಟ್ಟೆಗೆ ಒತ್ತಿ ಹಿಡಿದು ತಂದು ಚೇಂಬರಿನೊಳಗೆ ಹಾಕಿದಳು. ಹೊಲಸು ಮುಖಕ್ಕೆ ಹಾರಿತು.

ಹೆಂಗಸರು ಕಲ್ಲು ಹೊತ್ತರು. ಜಲ್ಲಿ ಹೊತ್ತರು. ಒಡೆದ ಬೀಸುಕಲ್ಲು, ಹಳೆಯ ಒರಳು, ಮಣ್ಣು ತುಂಬಿದ ಗೊಬ್ಬರದ ಚೀಲ. ಮೇಲಿನಿಂದ ಬರುವ ಪೈಪಿನ ಬಾಯಿಗೆ ಮೊದಲು ಕೋಲಿನಿಂದ ಚೀಲ ಒತ್ತಿ, ಅದರ ಮೇಲೆ ಕಲ್ಲು ಜೋಡಿಸಿದರು. ಆವಲಪ್ಪ ಕೈಗೆ ಬಟ್ಟೆ ಸುತ್ತಿಕೊಂಡು, ಕೆಲಸದಿಂದ ಉಳಿಸಿ ತಂದಿದ್ದ ಸಿಮೆಂಟು ಕಲಸಿ, ಅಂಚಿನವರೆಗೂ ತುಂಬಿ, ಕರಣಿಯಿಂದ ಎಳೆದು ನಯ ಮಾಡಿದ. ಓಣಿ ಒಂದೇ ಸಮ ಆಯಿತು.

ಮುನಿಲಕ್ಷ್ಮಿ ಫೋನು ಹೊರತೆಗೆದು, ಸೆರಗಿಗೆ ಒರೆಸಿ, ಅಲ್ಲೇ ನಿಂತು ಇಲ್ಲ ಎಂದು ಒತ್ತಿದಳು.

ಮೇಲಿನ ಬೀದಿ ಮಧ್ಯಾಹ್ನದೊಳಗೆ ಉಕ್ಕಿತು. ಉಕ್ಕಿದ್ದು ವೇಣುಗೋಪಾಲನ ಮನೆಯ ಮುಂದೆ, ರಂಗೋಲಿಯ ಮೇಲೆ. ಶ್ಯಾಮಲಮ್ಮನ ಹೊಸಿಲಿಗೂ ಹೋಯಿತಂತೆ. ಸಕ್ಕಿಂಗ್ ಗಾಡಿ ಆ ಹೊತ್ತಿಗೇ ಬಂತು. ಹೀರಿತು. ಹೀರಿದಷ್ಟೂ ಬಂತು. ಯಾರೂ ಮೀಟಿಂಗಿನಲ್ಲಿರಲಿಲ್ಲ.

ಬೀದಿ ಒಂದಿಷ್ಟು ಒಣಗಿದ ಗಳಿಗೆ ನೋಡಿಕೊಂಡು ಅವರು ಕಾಲೋನಿಗೆ ಇಳಿದು ಬಂದರು. ವೇಣುಗೋಪಾಲ್, ಅಮರನಾಥ್, ಜೊತೆಗೊಬ್ಬ ಪೊಲೀಸಿನವನು. ಹೆಂಗಸರು ಸಿಮೆಂಟಿನ ಸುತ್ತ ಕುಳಿತಿದ್ದರು.

ಅಮರನಾಥ್ ಮೊದಲು ಮಾತಾಡಿದ. ನಮ್ಮ ಟೀಮಿನವಳಾಗಿ ಹೀಗೆ ಮಾಡಬಹುದಾ, ತಪ್ಪು ಡೇಟಾ ಹಾಕಿದ್ದೀಯ, ಆಫೀಸಿನಲ್ಲಿ ಕೂತು ನಾನೇ ಬಣ್ಣ ಬದಲಾಯಿಸಬಲ್ಲೆ ಎಂದ.

"ಬದಲಾಯಿಸಿ ಸಾರ್," ಎಂದಳು ಮುನಿಲಕ್ಷ್ಮಿ. "ನಾಳೆ ಸಾಹೇಬ್ರು ಬಂದಾಗ ಹಸಿರು ತೋರಿಸಿ. ಆಮೇಲೆ ಇಲ್ಲಿಗೆ ಕರ್ಕೊಂಡು ಬಂದು ಚೇಂಬರ್ ಎಲ್ಲಿದೆ ಅಂತಾನೂ ತೋರಿಸಿ."

ಅವನು ಫೋನು ಕೊಡು ಎಂದ. ಕೊಟ್ಟಳು. ಗುರುತಿನ ಚೀಟಿ ಎಂದ. ಅದನ್ನೂ ಬಿಚ್ಚಿ ಕೊಟ್ಟಳು. ನರಸಾಪುರ ಅಲ್ಲಿಗೆ ಮುಗಿಯಿತು.

ವೇಣುಗೋಪಾಲ್ ಸಿಮೆಂಟಿನ ಕಡೆ ನೋಡಿ, ಆವಲಪ್ಪನ ಕಡೆ ನೋಡಿದ. ಸಂಜೆಯೊಳಗೆ ಒಡೆಯಬೇಕು ಎಂದ. ಜೆಸಿಬಿ ಈ ಓಣಿಗೆ ಬರುವುದಿಲ್ಲ, ಕೈಯಲ್ಲೇ ಒಡೆಯಬೇಕು ಎಂದೂ ಅವನೇ ಹೇಳಿದ. ಯಾರೂ ಏಳಲಿಲ್ಲ.

"ಏನ್ರೋ, ಕೊಬ್ಬಾ? ನೀವಲ್ದೆ ಇನ್ಯಾರೋ ಇಳೀತಾರೆ ಅದ್ರೊಳಗೆ?"

ಇಷ್ಟು ವರ್ಷ ಯಾರೂ ಬಾಯಿಬಿಟ್ಟು ಹೇಳದಿದ್ದ ಮಾತನ್ನು ಅವನು ಪೊಲೀಸಿನವನ ಎದುರಿಗೇ ಹೇಳಿಬಿಟ್ಟಿದ್ದ. ಪೊಲೀಸಿನವನು ಆಕಾಶ ನೋಡಿದ.

"ನೀನ್ ಇಳಿ," ಎಂದಳು ಕೊಂಡಮ್ಮ.

ಅವಳು ಅವನನ್ನು ಈವರೆಗೂ ಸ್ವಾಮಿ ಎಂದಲ್ಲದೆ ಬೇರೆ ಹೆಸರಿನಿಂದ ಕರೆದವಳಲ್ಲ. ತಲೆ ಎತ್ತಿಯೂ ನೋಡಿದವಳಲ್ಲ. ಈಗ ಕುಳಿತಲ್ಲಿಂದಲೇ ನೋಡಿದಳು.

"ನಿಂದೇ ತಾನೆ ಅದು? ನಿನ್ ಮನೇದು, ನಿನ್ ಬೀದೀದು. ಇಳ್ದು ತಗೋ. ಮೊದ್ಲು ನಮ್ಗೆ ತಗ್ಗಲ್ಲಿ ಬೇರೆ ಪೈಪು ಹಾಕು. ಆಮೇಲೆ ನಾವೇ ಒಡ್ದು ಕೊಡ್ತೀವಿ."

ವೇಣುಗೋಪಾಲನ ಕೈ ಎದ್ದಿತು. ಆವಲಪ್ಪ ಎದ್ದು ನಿಂತ. ಅವನ ಮೈ ಇನ್ನೂ ತೊಳೆದಿರಲಿಲ್ಲ. ಅವನು ಹೊಡೆಯಲು ಬರಲಿಲ್ಲ, ಸುಮ್ಮನೆ ಒಂದು ಹೆಜ್ಜೆ ಹತ್ತಿರಕ್ಕೆ ಬಂದ. ಬಿಳಿ ಪಂಚೆ ಹಿಂದೆ ಸರಿಯಿತು.

ಪೊಲೀಸಿನವನು ಹೆಸರು ಕೇಳಿದ. ಮುನಿಲಕ್ಷ್ಮಿ ಹೇಳಿದಳು. ಮೊದಲ ಕಲ್ಲು ಹಾಕಿದ್ದು ಯಾರು ಎಂದ. ನಾನು ಎಂದಳು. ಠಾಣೆಗೆ ನಡಿ ಎಂದ. ಅವಳು ಎದ್ದಳು. ಕೊಂಡಮ್ಮ ಎದ್ದಳು. ಕುಳಿತಿದ್ದವರಲ್ಲಿ ಹಲವರು ಎದ್ದರು. ಉಳಿದವರು ಸಿಮೆಂಟಿನ ಹತ್ತಿರ ಇನ್ನಷ್ಟು ಒತ್ತಾಗಿ ಕುಳಿತರು. ಇಷ್ಟೊಂದು ಜನ ಬೇಡ ಎಂದ ಪೊಲೀಸಿನವನು. ಅವನ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ಠಾಣೆಗೆ ಮೇಲಿನ ಬೀದಿಯ ಮೇಲೇ ಹೋಗಬೇಕು. ಏರು ಹತ್ತಿ ಬಂದಾಗ ಬೀದಿ ಮತ್ತೆ ತುಂಬಿತ್ತು. ಈ ಗೋಡೆಯಿಂದ ಆ ಗೋಡೆಯವರೆಗೆ ಕಪ್ಪಗೆ, ನೊರೆ ಕಟ್ಟಿ ನಿಂತಿತ್ತು. ಮನೆಗಳ ಕದಗಳೆಲ್ಲ ಮುಚ್ಚಿದ್ದವು. ಸಕ್ಕಿಂಗ್ ಗಾಡಿ ತುಂಬಿ, ಖಾಲಿ ಮಾಡಲು ಹೋಗಿತ್ತು. ಅಮರನಾಥ್ ಮೂಗಿಗೆ ಕರವಸ್ತ್ರ ಹಿಡಿದು ಅಂಚಿನಲ್ಲೇ ನಿಂತುಬಿಟ್ಟ.

ವೇಣುಗೋಪಾಲನ ಮನೆ ಬೀದಿಯ ಆ ಕೊನೆಗಿತ್ತು. ಅವನು ಆಚೀಚೆ ನೋಡಿದ. ಹಿತ್ತಲ ಸಂದಿಯೂ ತುಂಬಿತ್ತು, ಬೇರೆ ದಾರಿ ಇರಲಿಲ್ಲ. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ. ಆಮೇಲೆ ಬಗ್ಗಿ, ಕಾಲಿನ ಚಪ್ಪಲಿ ಬಿಚ್ಚಿ, ಎರಡನ್ನೂ ಕೈಯಲ್ಲಿ ಹಿಡಿದುಕೊಂಡ. ಗೋಡೆಯ ಬದಿ ಹಿಡಿದು, ತಲೆ ತಗ್ಗಿಸಿ, ಎಲ್ಲಿ ಕಾಲಿಡಬೇಕೋ ತಿಳಿಯದೆ, ತನ್ನ ಬೀದಿಯಲ್ಲಿ ನಡೆಯತೊಡಗಿದ.

ಮುನಿಲಕ್ಷ್ಮಿ ಚಪ್ಪಲಿ ಬಿಚ್ಚಲಿಲ್ಲ. ಮೆಟ್ಟಿಕೊಂಡೇ ನಡೆದಳು, ಬೀದಿಯ ನಟ್ಟನಡುವೆ.